ಬ್ಯಾಡ ಅನ್ನೋ ಬಟನ್

ಆಟಿಸಂ ಇದ್ದು ಮಾತು ಬರದವರಿಗೆ, ಬಟನ್ ಒತ್ತಿದ್ರ ಮಾತಾಡೋ ಯಂತ್ರ ಮಾಡೋದು ನನ್ನ ಕೆಲಸ. ಸಾರವಾಡದ ಗೌರಿಗೆ ಒಂದು ಕೊಟ್ಟು, ಅವರ ಮನ್ಯಾಗನ ಊಟಕ್ಕ ಕುಂತಿದ್ದೆ.

ಗೌರಿ ಬಟನ್ ಒತ್ತಿದ್ಲು. ಯಂತ್ರ "ಬ್ಯಾಡ" ಅಂತು. ಅವರಜ್ಜಿ ಇನ್ನೊಂದು ರೊಟ್ಟಿ ನೀಡಿದ್ರು. ಮತ್ತ ಒತ್ತಿದ್ಲು, ಮತ್ತೊಂದು ಬಿತ್ತು.

"ಅಜ್ಜಿ, ಆಕಿ ಬ್ಯಾಡ ಅನ್ನಾಕತ್ತಾಳಲ್ರಿ?"

"ಬಂದವರ ಮುಂದ ಸಂಕೋಚ, ಯಪ್ಪಾ. ಬ್ಯಾಡ ಅಂದ್ರ ನೀಡೋದು ಬಿಡ್ತಾರೇನು?"

ಯಂತ್ರ ತಿದ್ದಬೇಕೋ, ಅಜ್ಜಿನ್ನ ತಿದ್ದಬೇಕೋ, ನನಗ ತಿಳೀಲಿಲ್ಲ. ಅಷ್ಟರಾಗ ನನ್ನ ತಾಟಿಗೂ ರೊಟ್ಟಿ ಬಂತು. "ಬ್ಯಾಡ್ರಿ, ಸಾಕ್ರಿ" ಅಂದೆ. ಇನ್ನೊಂದು ಬಂತು.

ಗೌರಿ ನನ್ನ ತಾಟು ನೋಡಿದ್ಲು. ಯಂತ್ರಾನ ನನ್ನ ಕಡೆ ಸರಿಸಿದ್ಲು.

ಒತ್ತಿ ನೋಡಿದೆ. ರೊಟ್ಟಿನ ಬಂತು.