ಕಸ್ತೂರಕ್ಕನಿಗೆ ನಾನು ಹೇಳಿದ ಜಾಗತಿಕ ಭವಿಷ್ಯ

ಹೋದ ತಿಂಗಳು ಎಂಟು ದಿನ ನಾನು ನನ್ನ ಮಾಮೂಲಿ ಲೋಕಲ್ ರೈಲು ಹತ್ತಲಿಲ್ಲ. ಮಲಾಡ್ ಸ್ಟೇಷನ್ನಿನಲ್ಲಿ ಅದು ಬಂದು ಹೋಗುವವರೆಗೂ ವಡಾಪಾವ್ ಸ್ಟಾಲಿನ ಮರೆಯಲ್ಲಿ ನಿಂತಿದ್ದು, ನಂತರದ್ದಕ್ಕೆ ನುಗ್ಗುತ್ತಿದ್ದೆ. ಕಾರಣ ರಶ್ ಅಲ್ಲ. (ರಶ್‌ಗೆ ಹೆದರಿ ಗಾಡಿ ಬಿಡುವವರು ಮುಂಬಯಿಯನ್ನೇ ಬಿಡಬೇಕು.) ಆ ಲೇಡೀಸ್ ಡಬ್ಬದಲ್ಲಿ ಇರುತ್ತಿದ್ದ ಒಬ್ಬ ಹೆಂಗಸಿನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ನಿಮಗೆ ಗೊತ್ತೇ ಇದೆ, ಈ ಅಂಕಣದಿಂದ ನನ್ನ ಹೊಟ್ಟೆಪಾಡು ನಡೆಯುವುದಿಲ್ಲ. ಬಾಂದ್ರಾದ ಒಂದು ಆಫೀಸಿನಲ್ಲಿ ಪ್ರತಿ ವಾರ ‘ಜಗತ್ತಿನಲ್ಲಿ ಮುಂದೆ ಏನೇನಿದೆ’ ಎಂಬ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಯಾವ ದೇಶದ ಸೆಂಟ್ರಲ್ ಬ್ಯಾಂಕು ಯಾವತ್ತು ಬಡ್ಡಿದರ ನಿರ್ಧರಿಸುತ್ತದೆ, ತೈಲ ಉತ್ಪಾದಿಸುವ ದೇಶಗಳು ಎಲ್ಲಿ ಸೇರುತ್ತವೆ, ದೊಡ್ಡ ದೇಶಗಳ ನಾಯಕರು ಯಾವ ಊರಿನಲ್ಲಿ ಕೈಕುಲುಕುತ್ತಾರೆ, ಅದಾದ ಮೇಲೆ ಲೋಕದ ಆರ್ಥಿಕತೆ ಮೇಲಕ್ಕೋ ಕೆಳಕ್ಕೋ. ಕೊನೆಯಲ್ಲಿ ‘ಔಟ್‌ಲುಕ್’ ಅಂತ ಒಂದು ಪ್ಯಾರಾ. ಮುಂದಿನ ವಾರ ಹೊಸ ಟಿಪ್ಪಣಿ. ಹಿಂದಿನದು ಸುಳ್ಳಾಯಿತೇ ಎಂದು ಯಾರೂ ಕೇಳುವುದಿಲ್ಲ. ಇಷ್ಟು ನೆಮ್ಮದಿಯ ಉದ್ಯೋಗ ಇನ್ನೊಂದಿದೆಯೇ?

ಆ ನೆಮ್ಮದಿ ಕೆಡಿಸಿದವಳು ಕಸ್ತೂರಕ್ಕ.

ವಿಜಯಪುರದ ಕಡೆಯವಳು. ಐವತ್ತು ದಾಟಿದೆ. ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಬಟ್ಟೆಯ ಬ್ಯಾಗು, ಏಪ್ರನ್ ಹೊಲಿಯುವ ಹದಿನಾಲ್ಕು ಹೆಣ್ಣುಮಕ್ಕಳಿಗೆ ಸೂಪರ್‌ವೈಸರ್. ಹೊಲಿದದ್ದೆಲ್ಲ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ಆರು ವರ್ಷಗಳಿಂದ ನಾವಿಬ್ಬರೂ ಮಲಾಡಿನಲ್ಲಿ ಒಟ್ಟಿಗೆ ಹತ್ತುತ್ತೇವೆ. ನಾನು ಬಾಂದ್ರಾದಲ್ಲಿ ಇಳಿಯುತ್ತೇನೆ. ಅವಳು ದಾದರ್‌ಗೆ ಹೋಗಿ ಬೈಕುಲ್ಲಾದ ಗಾಡಿ ಹಿಡಿಯುತ್ತಾಳೆ. ನಾನು ಧಾರವಾಡದವಳೆಂದು ಗೊತ್ತಾದ ದಿನದಿಂದ ಅವಳಿಗೆ ನಾನು ‘ತಂಗಿ’.

ಒಂದು ಬೆಳಿಗ್ಗೆ ಕಸ್ತೂರಕ್ಕ ಮೊದಲ ಬಾರಿಗೆ ನನ್ನ ಉದ್ಯೋಗದ ಬಗ್ಗೆ ವಿಚಾರಿಸಿದಳು. ನಮ್ಮ ದೇಶಕ್ಕೂ ಅವರ ಮಾಲು ಹೋಗುವ ದೇಶಕ್ಕೂ ನಡುವೆ ಸುಂಕದ ಮಾತುಕತೆ ನಡೆಯಲಿಕ್ಕಿತ್ತು. ಅದರ ಫಲಿತಾಂಶ ತಿಳಿಯುವವರೆಗೆ ಆರ್ಡರ್ ನಿಲ್ಲಿಸಿ ಎಂದು ಹೊರದೇಶದ ಗಿರಾಕಿ ಅವರ ಮಾಲೀಕರಿಗೆ ಮೇಲ್ ಕಳಿಸಿದ್ದ.

“ಆ ಮೀಟಿಂಗ್‌ನ್ಯಾಗ ಏನ್ ಆಕ್ಕೈತಿ, ತಂಗಿ?”

ಜೋಗೇಶ್ವರಿ ಸ್ಟೇಷನ್ ಬರುತ್ತಿತ್ತು. ನನ್ನ ಬೆನ್ನಿಗೆ ಯಾರದೋ ಟಿಫಿನ್ ಬ್ಯಾಗು ಒತ್ತುತ್ತಿತ್ತು. “ಒಪ್ಪಂದ ಆಗೇ ಆಗ್ತದ ಅಕ್ಕಾ, ಚಿಂತಿ ಬಿಡು” ಅಂದೆ.

ಅದೇ ವಾರದ ಟಿಪ್ಪಣಿಯಲ್ಲಿ ನಾನು ಹಾಗೆ ಬರೆದಿರಲಿಲ್ಲ. ಅಲ್ಲಿ ‘ಸಾಧ್ಯತೆ ಇದೆ’, ‘ಆದರೆ’, ‘ಒಂದು ವೇಳೆ’ ಎಲ್ಲ ಇತ್ತು. ಫೀ ಕೊಟ್ಟು ಓದುವವರಿಗೆ ಐದು ‘ಆದರೆ’. ನಂಬಿ ಕೇಳಿದವಳಿಗೆ ಒಂದೂ ಇಲ್ಲ!

ಮಾತುಕತೆ ನಡೆಯಿತು. ಪ್ರತಿನಿಧಿಗಳು ಫೋಟೊಗೆ ನಕ್ಕರು. ಚರ್ಚೆ ಫಲಪ್ರದವಾಗಿತ್ತು, ಮುಂದಿನ ಸುತ್ತಿನಲ್ಲಿ ಮುಂದುವರಿಯುತ್ತದೆ ಅಂದರು. (ಅಂದರೆ ಏನೂ ಆಗಲಿಲ್ಲ.) ನಾನು ಟಿಪ್ಪಣಿಯಲ್ಲಿ ಎರಡು ಸಾಲು ಬರೆದು ಮರೆತೆ.

ಮೂರು ದಿನ ಬಿಟ್ಟು ನಮ್ಮ ಡಬ್ಬದ ಇನ್ನೊಬ್ಬ ಗೆಳತಿ ಸುಮತಿ ಫೋನ್ ಮಾಡಿದಳು. ಕಸ್ತೂರಕ್ಕನ ವರ್ಕ್‌ಶಾಪಿನ ಆರ್ಡರ್ ಕ್ಯಾನ್ಸಲ್ ಆಗಿತ್ತು. ಅಷ್ಟೇ ಅಲ್ಲ. ಮಲಾಡಿನಲ್ಲೇ ಒಂದು ನರ್ಸಿಂಗ್ ಹೋಮ್‌ನವರು ಬಟ್ಟೆಬರೆ ನೋಡಿಕೊಳ್ಳುವ ಕೆಲಸಕ್ಕೆ ಕಸ್ತೂರಕ್ಕನನ್ನು ಕರೆದಿದ್ದರಂತೆ. ಮನೆಯಿಂದ ಹತ್ತು ನಿಮಿಷದ ನಡಿಗೆ. ಲೋಕಲ್ಲೇ ಬೇಡ. ಅವಳು ಬೇಡ ಎಂದುಬಿಟ್ಟಿದ್ದಳು. ಆರ್ಡರ್ ಬಂದೇ ಬರುತ್ತದೆ ಎಂದು ನಮ್ಮ ತಂಗಿ ಹೇಳಿದ್ದಾಳೆ, ಅವಳಿಗೆ ಜಗತ್ತಿನ ವ್ಯವಹಾರವೆಲ್ಲ ಗೊತ್ತು ಎಂದು ಮನೆಯವರ ಬಾಯಿ ಮುಚ್ಚಿಸಿದ್ದಳಂತೆ. ಆ ಜಾಗಕ್ಕೆ ಈಗ ಬೇರೆಯವರು ಬಂದಾಗಿತ್ತು.

ಮರುದಿನದಿಂದ ನಾನು ವಡಾಪಾವ್ ಸ್ಟಾಲಿನ ಮರೆಗೆ ಸರಿದೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನೇರ ಹೋಗಿ ತಪ್ಪಾಯಿತು ಅನ್ನುತ್ತಿದ್ದಿರಿ. ನನಗೂ ಗೊತ್ತು. ಆದರೆ ಕಾಲು ಬರಬೇಕಲ್ಲ? ಕೊನೆಗೆ ಅವಳೇ ಫೋನ್ ಮಾಡಿದಳು. ಬೈಯಲಿಕ್ಕಲ್ಲ. ಇಷ್ಟು ದಿನ ಕಾಣಲಿಲ್ಲ, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಲಿಕ್ಕೆ. ನಾಚಿಕೆಯಿಂದ ಸತ್ತೆ. ಶನಿವಾರ ವರ್ಕ್‌ಶಾಪಿಗೆ ಬರುತ್ತೇನೆ ಅಂದೆ.

ಬೈಕುಲ್ಲಾದ ಹಳೇ ಬಿಲ್ಡಿಂಗ್, ಎರಡನೇ ಮಾಳಿಗೆ. ಹದಿನಾಲ್ಕು ಮಷಿನ್‌ಗಳಲ್ಲಿ ಆರು ಓಡುತ್ತಿದ್ದವು. ಉಳಿದವಕ್ಕೆ ಬಟ್ಟೆ ಹೊದಿಸಿದ್ದರು. ಎಂಟು ಜನರ ಕೆಲಸ ಹೋಯಿತೇ?

ಹೋಗಿರಲಿಲ್ಲ. ಯಾರನ್ನೂ ತೆಗೆಯಬೇಡಿ, ಸರದಿಯ ಮೇಲೆ ಬರುತ್ತೇವೆ ಎಂದು ಕಸ್ತೂರಕ್ಕ ಮಾಲೀಕರನ್ನು ಒಪ್ಪಿಸಿದ್ದಳು. ಆಮೇಲೆ ಒಂದು ಏಪ್ರನ್ ಮಡಚಿ ಚೀಲದಲ್ಲಿಟ್ಟುಕೊಂಡು, ನಮ್ಮ ಉಡುಪಿ ಕಡೆಯವರ ಹೋಟೆಲುಗಳಿಗೆ ಒಂದೊಂದಾಗಿ ಹೋಗಿದ್ದಳು. ಅಡುಗೆಯವರಿಗೆ ಏಪ್ರನ್, ಸಪ್ಲೈಯರ್‌ಗಳಿಗೆ ಯೂನಿಫಾರ್ಮ್, ಪಾರ್ಸೆಲ್‌ಗೆ ಬಟ್ಟೆಯ ಚೀಲ. ಬೇಡ ಅಂದವರೇ ಹೆಚ್ಚು. ಮೂವರು ಹೂಂ ಅಂದಿದ್ದರು. ಆ ಆರು ಮಷಿನ್ ಓಡುತ್ತಿದ್ದುದು ಅದರಿಂದ. ಎಲ್ಲರಿಗೂ ವಾರಕ್ಕೆ ಎರಡು ಮೂರು ದಿನದ ಕೆಲಸ ಸಿಗುತ್ತಿತ್ತು. ಸಾಲದು. ಆದರೂ ಬಾಗಿಲು ಮುಚ್ಚಿರಲಿಲ್ಲ.

ದಾದರ್‌ನಿಂದ ಬಾಯಿಪಾಠ ಮಾಡಿಕೊಂಡು ಬಂದ ತಪ್ಪೊಪ್ಪಿಗೆಯನ್ನು ಹೇಗೋ ಹೇಳಿ ಮುಗಿಸಿದೆ. ನನ್ನ ಮಾತು ನಂಬಿ ಕೈಗೆ ಬಂದ ಕೆಲಸ ಬಿಟ್ಟೆಯಲ್ಲ ಅಕ್ಕಾ ಅಂದೆ. ಅವಳು ಹಲ್ಲಿನಿಂದ ದಾರ ಕತ್ತರಿಸಿ, ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ನೀ ಹೇಳಿದಿ ಅಂತ ನಾ ಬಿಟ್ಟಿಲ್ಲ, ತಂಗಿ. ಈ ಹೆಣ್ಣಮಕ್ಕಳನ್ನ ಬಿಟ್ಟ ಹೋಗಾಕ ನನಗ ಮನಸ ಇರಲಿಲ್ಲ. ಮನ್ಯಾಗ ಹೇಳಾಕ ಒಂದ ಕಾರಣ ಬೇಕಾಗಿತ್ತು. ನೀ ಕೊಟ್ಟಿ.”

ಇದು ನಿಜವೋ, ನನ್ನ ಮುಖ ನೋಡಿ ಆ ಕ್ಷಣಕ್ಕೆ ಕಟ್ಟಿದ ಮಾತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿಲ್ಲ, ಕೇಳುವುದೂ ಇಲ್ಲ. ಕೊಟ್ಟದ್ದನ್ನು ಸುಮ್ಮನೆ ತೆಗೆದುಕೊಳ್ಳುವುದನ್ನಾದರೂ ನಾನು ಕಲಿಯಬೇಡವೇ?

ಊಟಕ್ಕೆ ಕೂರಿಸಿಕೊಂಡರು. ಖಡಕ್ ರೊಟ್ಟಿ, ಪುಂಡಿಪಲ್ಲೆ, ಯಾರೋ ತಂದ ಕಾಂದಾ ಭಜಿ. ಅರ್ಧ ಊಟದಲ್ಲಿ ಕಸ್ತೂರಕ್ಕ ಕೇಳಿದಳು, ಮುಂದಿನ ಸುತ್ತಿನ ಮಾತುಕತೆ ಯಾವಾಗ ಎಂದು. ಯಾವ ವಾರ ಎಂದು ಹೇಳಿದೆ. ಹದಿನಾಲ್ಕೂ ಮಷಿನ್‌ಗಳ ಕಡೆ ಒಮ್ಮೆ ನೋಡಿ, “ಏನಾಗ್ತದ ಅಂತ ಮಾತ್ರ ನನಗ ಗೊತ್ತಿಲ್ಲ ಅಕ್ಕಾ” ಅಂದೆ.

ಅವಳು ನಕ್ಕಳು. “ಹಂಗ ಅನ್ನು. ಗೊತ್ತಿಲ್ಲ ಅಂದ್ರ ನಾವು ನಮ್ಮ ದಾರಿ ನೋಡ್ಕೋತೀವಿ.”

ಲೋಕದ ಆರ್ಥಿಕ ತಜ್ಞರ ವರದಿಗಳನ್ನು ಇಷ್ಟು ವರ್ಷ ಓದಿದ್ದೇನೆ. ಅವುಗಳಿಂದ ‘ಸಣ್ಣ ರಫ್ತು ಘಟಕಗಳ ಮೇಲೆ ಒತ್ತಡ ಸಾಧ್ಯ’ ಎಂಬ ಸಾಲನ್ನು ಎಷ್ಟು ಸಲ ನಕಲು ಮಾಡಿದ್ದೇನೋ ಲೆಕ್ಕವಿಲ್ಲ. ಆ ಸಾಲು ಬೈಕುಲ್ಲಾದ ಎರಡನೇ ಮಾಳಿಗೆಯಲ್ಲಿ ಕೂತು ನನಗೆ ಊಟ ಬಡಿಸಬಹುದು ಎಂದು ಯಾವ ವರದಿಯೂ ಹೇಳಿರಲಿಲ್ಲ.

ಈ ವಾರದ ಟಿಪ್ಪಣಿಯಲ್ಲಿ ಸುಂಕದ ಮಾತುಕತೆಯ ಮುಂದೆ ‘ಫಲಿತಾಂಶ ಏನೆಂದು ನಮಗೆ ತಿಳಿಯದು’ ಎಂದು ಬರೆದೆ. ಬಾಸ್ ಓದಿ, ಇದು ಬೇಕಾ ಎಂದು ಕೇಳಿದರು. ಬೇಕು ಅಂದೆ. ಯಾಕೋ ಅವರೂ ಅಳಿಸಲಿಲ್ಲ. ಹೊರದೇಶದ ಆರ್ಡರ್ ಇನ್ನೂ ಬಂದಿಲ್ಲ. ನಾಲ್ಕನೆಯ ಹೋಟೆಲಿನವರು ಹೂಂ ಅಂದಿದ್ದಾರೆ, ಎಂಟು ಮಷಿನ್ ಓಡುತ್ತಿವೆ ಎಂದು ಮೊನ್ನೆ ನಮ್ಮ ಲೋಕಲ್‌ನಲ್ಲಿ ಕಸ್ತೂರಕ್ಕ ಮುಂದಿನ ಸ್ಟೇಷನ್ ಗೋರೆಗಾಂವ್ ಬರುವಷ್ಟರಲ್ಲಿ ಹೇಳಿ ಮುಗಿಸಿದಳು.

ನಿಮ್ಮ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು ನಿಮ್ಮ ಮುಖ ಉಳಿಸಿದವರು ನಿಮಗೂ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಥ್ಯಾಂಕ್ಸ್ ಹೇಳಿದ್ದೀರಾ?