ಕರು ಅಂದರೆ ಯಾವ ಕರು

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತಮಿಳುನಾಡಿನ ಹೊಸೂರಿನ ಶಾಲೆಯೊಂದರಲ್ಲಿ ಹೊಸ ಟೀಚರು. ಕೇಳದಿದ್ದರೂ ಬಾಯಿ ಹಾಕುವ ಚಾಳಿ. ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಪಕ್ಕದ ಬೀದಿಯಿಂದ ದಿನಾ ನಮ್ಮ ಮನೆಗೆ ಬರುತ್ತಿದ್ದಳು. ಮೂರನೆಯದು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ, ಅಷ್ಟರಲ್ಲಿ ಮತ್ತೆ ಬಸುರು.

"ಇದು ಬ್ಯಾಡ ಕಣೆ. ನನ್ ಕೈಲಾಗಲ್ಲ," ಅಂದಳು. ಭಾವನಿಗೆ ಇನ್ನೂ ಹೇಳಿರಲಿಲ್ಲ.

ಕಾನೂನು ಒಪ್ಪುತ್ತದೆ, ಗಂಡನ ಸಹಿಯೂ ಬೇಕಿಲ್ಲ ಎಂದು ನಾನು ಹುರುಪಿನಿಂದ ಹೇಳಿದೆ. ಹೊಸೂರಿನಲ್ಲಾದರೆ ಎಲ್ಲರೂ ಗುರುತಿನವರು. ಶುಕ್ರವಾರ ಇಬ್ಬರೂ ಕೃಷ್ಣಗಿರಿಗೆ ಹೋಗುವುದೆಂದಾಯಿತು. ಅಕ್ಕ ಓದಿದ್ದು ಕನ್ನಡದಲ್ಲಿ. ಅವಳಿಗೆ ಸಂತೆಯ ತಮಿಳು ಗೊತ್ತು, ಆಸ್ಪತ್ರೆಯ ತಮಿಳು ಗೊತ್ತಿಲ್ಲ. ಡಾಕ್ಟರು ಅವಳನ್ನೇ ಕೇಳಿದರೆ ಇರಲಿ ಎಂದು "ಕರುವೈ ಕಲೈಕ್ಕಣುಂ" ಅಂತ ಬಾಯಿಪಾಠ ಮಾಡಿಸಿದೆ. ತಮಿಳಿನಲ್ಲಿ ಕರು ಅಂದರೆ ಹೊಟ್ಟೆಯೊಳಗಿನ ಪಿಂಡ, ಕಲೈಕ್ಕಣುಂ ಅಂದರೆ ತೆಗೆಸಬೇಕು.

ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕರು ಅಂದರೆ ಹಿತ್ತಲಲ್ಲಿ ಕಟ್ಟಿದ್ದ ಕರು. ಸಂಜೆ ಶಿಫ್ಟು ಮುಗಿಸಿ ಅಕ್ಕನನ್ನು ಕರೆದೊಯ್ಯಲು ಬಂದ ಭಾವನ ಮುಂದೆ ಕಾಫಿ ಇಟ್ಟು, "ಕರೂಗೆ ಏನಾಗೈತೋ ಏನೋ, ಶುಕ್ರವಾರ ಕೃಷ್ಣಗಿರಿ ಆಸ್ಪತ್ರೆಗೆ ಹೋಯ್ತಾರಂತೆ. ಅದೇನೋ ಕರು ಕಲೈ ಅಂತ ಪಾಠ ಮಾಡ್ಕೊಂತಿದ್ರು," ಅಂದರು. ಕೋಲಾರದ ಕಡೆಯ ಭಾವನಿಗೆ ಫ್ಯಾಕ್ಟರಿಯಲ್ಲಿ ತಮಿಳು ಚೆನ್ನಾಗಿ ಪಳಗಿತ್ತು. ಅವರು ಲೋಟ ಕೆಳಗಿಟ್ಟರು.

"ನಿಂದೇನಾ ಈ ಕಿತಾಪತಿ?" ಎಂದು ನನ್ನನ್ನು ಕೇಳಿದರು.

"ಕಾನೂನಿದೆ ಭಾವ."

"ಕಾನೂನು ಇದ್ರೆ ಪಾಪ ಅಲ್ಲ ಅಂತಾನಾ? ಆ ಕೂಸಿನ ಪರವಾಗಿ ಯಾರು ಮಾತಾಡೋರು?"

"ಹೆರೋಳ ಪರವಾಗಿ ಯಾರು ಮಾತಾಡ್ತಾರೆ?"

ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಕಾನೂನು, ದೇವರು, ಅವರ ತಾಯಿ ಹೆತ್ತ ಎಂಟು ಮಕ್ಕಳು, ನನ್ನ ಓದು, ಎಲ್ಲ ಬಂದು ಹೋದವು. ಅವರು ಕೆಟ್ಟವರಲ್ಲ, ಮಾತಾಡುವಾಗ ಕಣ್ಣು ತುಂಬಿತ್ತು. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ವಿಷಯ ಈಗಷ್ಟೇ ತಿಳಿದ ಅಮ್ಮ ದೊಡ್ಡ ಮಕ್ಕಳಿಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋದರು.

ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. "ನಿಮ್ಮಿಬ್ರುದ್ದೂ ಮುಗಿದ್ಮೇಲೆ ಹೇಳಿ, ನಾನೇನ್ ಮಾಡ್ಬೇಕು ಅಂತ," ಎಂದು ಹೊರಟುಹೋದಳು.

ಆ ವಾರವೆಲ್ಲ ಅಕ್ಕ ನಮ್ಮ ಮನೆ ಕಡೆ ಬರಲಿಲ್ಲ. ತರಗತಿಯಲ್ಲಿ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಿದೆ. ಭಾವ ಒಪ್ಪಿದರೋ, ಅಕ್ಕ ಮನಸ್ಸು ಬದಲಿಸಿದಳೋ, ಒಂದೂ ತಿಳಿಯಲಿಲ್ಲ. ಶುಕ್ರವಾರ ಶಾಲೆಗೆ ರಜೆ ಹಾಕಿ, ಸೀರೆ ಉಟ್ಟು ಜಗುಲಿಯಲ್ಲಿ ಕಾದೆ. ಹೊತ್ತೇರಿದರೂ ಅಕ್ಕನ ಸುಳಿವಿಲ್ಲ. ಅವಳ ಮನೆಗೆ ಓಡಿದರೆ ಬೀಗ.

ವಾಪಸು ಬಂದಾಗ ಹಿತ್ತಲಿನಲ್ಲಿ ಅಮ್ಮ ಅಕ್ಕನ ಮೂರೂ ಮಕ್ಕಳಿಗೆ ಉಣ್ಣಿಸುತ್ತಿದ್ದರು. "ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಕೃಷ್ಣಗಿರಿಗೆ ಹೋದ್ಲು. ಮಕ್ಕಳ್ನ ಪಕ್ಕದ್ಮನೇಲಿ ಬಿಟ್ಟಿದ್ಲು, ಈಗ ಕರ್ಕೊಂಡ್ ಬಂದೆ. ನಿಂಗೆ ಹೇಳ್ಬ್ಯಾಡ ಅಂದ್ಲು," ಎಂದರು.

"ಭಾವನ ಜೊತೆನಾ?"

"ಇಲ್ಲ. ಒಬ್ಳೇ."