ಬೀದಿಗಿಳಿದ ಶುಶ್ರೂಷೆ: ಸಿಸ್ಟರಮ್ಮನವರ ಮೂವತ್ತನಾಲ್ಕು ವರ್ಷ

ಪಾರ್ಶ್ವವಾಯು ಬಡಿದವರನ್ನು ಮೊದಲು ಕಾಣುವವರು ಮನೆಯವರು, ನೆರೆಯವರು, ಜೊತೆಯಲ್ಲಿ ದುಡಿಯುವವರು. ಅಂಥವರನ್ನು ತರಬೇತುಗೊಳಿಸುವ ಕಾರ್ಯದಲ್ಲಿ ಈ ಊರಿನ ಮಟ್ಟಿಗೆ ಅಗ್ರಸ್ಥಾನ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಹಿರಿಯ ಶುಶ್ರೂಷಕಿ, ಎಲ್ಲರ ಬಾಯಲ್ಲೂ ಸಿಸ್ಟರಮ್ಮ ಆಗಿರುವವರಿಗೇ ಸಲ್ಲಬೇಕು. ಮೂವತ್ತನಾಲ್ಕು ವರ್ಷಗಳ ಸೇವೆಯ ಬಳಿಕ ಅವರೀಗ ನಿವೃತ್ತರಾಗುತ್ತಿದ್ದಾರೆ.

ಸೇವೆಯ ಇಪ್ಪತ್ತನೆಯ ವರ್ಷದಲ್ಲಿ ಗಾರೆ ಮೇಸ್ತ್ರಿಯೊಬ್ಬರನ್ನು ಅವರ ಹೆಂಡತಿ ಕರೆತಂದರು. ಬಲಗೈ ಸೋತು, ಮಾತು ತೊದಲಿ ಆಗಲೇ ಒಂದು ದಿನ ಕಳೆದಿತ್ತು.

“ಮಲಗಿ ಎದ್ರೆ ಸರಿಹೋಗುತ್ತೆ ಅಂದ್ಕೊಂಡೆ ಸಿಸ್ಟರ್,” ಎಂದರು ಆಕೆ.

ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮದ್ದು ಕಪಾಟಿನಲ್ಲಿದ್ದೂ ಇಲ್ಲದಂತಾಗಿತ್ತು. ಮೇಸ್ತ್ರಿ ಮತ್ತೆ ಕರಣೆ ಹಿಡಿಯಲಿಲ್ಲ.

ಅಂದಿನಿಂದ ಸಿಸ್ಟರಮ್ಮನವರ ವಾರದ ರಜೆ ಪಾಠಕ್ಕೆ ಮೀಸಲಾಯಿತು. ಮೊದಲ ತರಗತಿಗೆ ಬಂದವರು ಇಬ್ಬರೇ. ಅವರಲ್ಲೊಬ್ಬರು ಬಂದದ್ದು ಫ್ಯಾನಿನ ಗಾಳಿಗೆ. ಸಿದ್ಧ ಉಡುಪಿನ ಕಾರ್ಖಾನೆಯ ಮೇಲ್ವಿಚಾರಕರು ಹೊಲಿಗೆ ನಿಲ್ಲಿಸಲಾಗದೆಂದು ಮೂರು ಸಲ ವಾಪಸು ಕಳಿಸಿದರು. ನಾಲ್ಕನೆಯ ಸಲ ಸಿಸ್ಟರಮ್ಮ ಊಟದ ವಿರಾಮದಲ್ಲಿ ಕೈತೊಳೆಯುವ ನಲ್ಲಿಯ ಪಕ್ಕ ನಿಂತು, ಸಾಲಿನಲ್ಲಿದ್ದವರಿಗೇ ಕಲಿಸಿದರು: ನಗಲು ಹೇಳಿ, ಬಾಯಿ ಸೊಟ್ಟಗಾಗುತ್ತದೆಯೇ ನೋಡಿ; ಎರಡೂ ಕೈ ಎತ್ತಿಸಿ; ಮಾತಾಡಿಸಿ; ಒಂದರಲ್ಲಿ ಏರುಪೇರಾದರೂ ಹೊತ್ತು ಗುರುತಿಟ್ಟುಕೊಂಡು ಆಂಬುಲೆನ್ಸ್ ಕರೆಯಿರಿ. ತಾವೇ ಬಾಯಿ ಸೊಟ್ಟ ಮಾಡಿ ತೋರಿಸುತ್ತಿದ್ದುದರಿಂದ ನಗದವರಿರಲಿಲ್ಲ. ನಕ್ಕವರು ಪಾಠ ಮರೆಯಲೂ ಇಲ್ಲ.

ಸಿಸ್ಟರಮ್ಮನವರ ಬಳಿ ಕಲಿತ ಕ್ಷೌರಿಕರೊಬ್ಬರು ಒಂದು ಬೆಳಿಗ್ಗೆ ವಯಸ್ಸಾದ ಮೇಷ್ಟರೊಬ್ಬರ ಗಡ್ಡ ಹೆರೆಯುತ್ತಿದ್ದಾಗ, ಕನ್ನಡಿಯಲ್ಲಿ ಅವರ ತುಟಿಯಂಚು ಜಾರಿದ್ದು ಕಂಡಿತು. ಕೈ ಎತ್ತಲು ಹೇಳಿದರೆ ಎಡಗೈ ಏಳಲಿಲ್ಲ. ಕೂಡಲೇ ಆಂಬುಲೆನ್ಸಿಗೆ ಫೋನು ಮಾಡಿದರು. ಅಷ್ಟರಲ್ಲಿ ಜೊತೆಗಿದ್ದ ಮೇಷ್ಟರ ತಮ್ಮ ಗಾಬರಿಯಲ್ಲಿ ನೀರಿನ ಲೋಟ ಬಾಯಿಗಿಡಹೋದರು. ಕ್ಷೌರಿಕರು ಅಡ್ಡ ಬಂದರು.

“ಒಂದು ಗುಟುಕೂ ಬೇಡ ಅಣ್ಣ. ಶ್ವಾಸಕ್ಕೆ ಸಿಕ್ಕಿಕೊಂಡ್ರೆ ಕಷ್ಟ. ಪಕ್ಕಕ್ಕೆ ಮಲಗಿಸೋಣ, ಸ್ವಲ್ಪ ಕೈಕೊಡಿ.”

ಅರ್ಧ ಕ್ಷೌರವಾದ ಮುಖದಲ್ಲೇ ಬಂದ ಮೇಷ್ಟರನ್ನು ಸಿಸ್ಟರಮ್ಮ ಬರಮಾಡಿಕೊಂಡರು. ಶುರುವಾದದ್ದು ಎಷ್ಟು ಹೊತ್ತಿಗೆಂದು ಅವರು ಕೇಳುವ ಮೊದಲೇ, ಜೊತೆಗೆ ಬಂದಿದ್ದ ಕ್ಷೌರಿಕರು, “ಒಂಬತ್ತೂಕಾಲಿಗೆ,” ಎಂದರು. ಗೋಡೆಯ ಗಡಿಯಾರದಲ್ಲಿ ಆಗಿನ್ನೂ ಹತ್ತಾಗಿರಲಿಲ್ಲ. ತಲೆಯ ಸ್ಕ್ಯಾನ್ ನೋಡಿದ ವೈದ್ಯರು ಚುಚ್ಚುಮದ್ದು ಕೊಟ್ಟರು. ಹನ್ನೊಂದನೆಯ ದಿನ ಮೇಷ್ಟರು ಕೋಲೂರಿಕೊಂಡು ತಾವೇ ನಡೆದು ಹೊರಟರು. ಸಿಸ್ಟರಮ್ಮ ಔಷಧದ ಕೋಣೆಯ ಬಾಗಿಲು ಹಾಕಿಕೊಂಡು ಸ್ವಲ್ಪ ಅತ್ತು, ಮುಖ ತೊಳೆದು ವಾರ್ಡಿಗೆ ಮರಳಿದರು.

ಬೀಳ್ಕೊಡುಗೆಯ ದಿನ ಭಾಷಣಗಳು ಮುಗಿಯುವ ಮುನ್ನವೇ ಅವರು ಎದ್ದರು. ಬಸ್ ಡಿಪೋದಲ್ಲಿ ನಾಲ್ಕಕ್ಕೆ ಪಾಳಿ ಬದಲಾಗುತ್ತದೆ, ಆಮೇಲೆ ಚಾಲಕರು ಪಾಠಕ್ಕೆ ಸಿಗುವುದಿಲ್ಲವೆಂದು ಹಿರಿಯ ವೈದ್ಯರ ಕ್ಷಮೆ ಕೇಳಿ, ಹೊದಿಸಿದ ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಅವರಿಗೆ ನೂರು ತುಂಬಲಿ. ಕಾಲಿಗೂ ಕಂಠಕ್ಕೂ ಬಳಲಿಕೆ ತಟ್ಟದಿರಲಿ. ಅವರ ಪಾಠ ಮುಟ್ಟದ ಬೀದಿಗಳು ಇನ್ನೂ ಬಹಳ ಇವೆ.